ಕಾಲು ಸುತ್ತಿನ ಕವಾಟ: ಬಾಲ್ ವಾಲ್ವಿನ ಕೆಲಸ ಮತ್ತು ಬಳಕೆ

ಪಂಪುಸೆಟ್ಟು ಕೊಳ್ಳುವಾಗ ನಮ್ಮ ಬೆಳೆಗಾರರು ನಾಲ್ಕು ಅಂಗಡಿ ತಿರುಗುತ್ತಾರೆ. ಪೈಪು ಕೊಳ್ಳುವಾಗ ಎಷ್ಟು ಕೆ.ಜಿ. ಒತ್ತಡದ್ದು, ಯಾವ ಕಂಪೆನಿಯದು ಎಂದು ವಿಚಾರಿಸುತ್ತಾರೆ. ವಾಲ್ವಿನ ಸರದಿ ಬಂದಾಗ ಮಾತ್ರ “ಎರಡಿಂಚಿನದು ನಾಲ್ಕು ಹಾಕಿ” ಎಂದು ಹೇಳಿ ಲೆಕ್ಕ ಮುಗಿಸುವುದು ವಾಡಿಕೆ. ಆದರೆ ಬೇಸಗೆಯಲ್ಲಿ ಪೈಪು ಒಡೆದಾಗ, ಸ್ಪ್ರಿಂಕ್ಲರ್ ತಿರುಗದೆ ನಿಂತಾಗ, ಡ್ರಿಪ್ಪಿನ ಕೊನೆಯ ಸಾಲಿಗೆ ನೀರು ತಲುಪದೆ ಹೋದಾಗ ಕಾರಣವನ್ನು ಹುಡುಕುತ್ತ ಹೋದರೆ ಹಲವು ಸಲ ಬಂದು ನಿಲ್ಲುವುದು ಈ ಅಂಗೈಯಗಲದ ವಾಲ್ವಿನ ಬಳಿಯೇ. ಅಲ್ಲಿಯೂ ವಾಲ್ವಿನ ದೋಷಕ್ಕಿಂತ ಅದನ್ನು ತಿರುಗಿಸುವ ಕೈಯ ದೋಷವೇ ಹೆಚ್ಚು.

ಇಂದು ತೋಟದ ನೀರಿನ ಏರ್ಪಾಡಿನಲ್ಲಿ ಬಾಲ್ ವಾಲ್ವ್ ಇಲ್ಲದ ಜಾಗವೇ ಇಲ್ಲ. ಆದ್ದರಿಂದ ಹೂ ನೀರಾವರಿಯ ಕಾಲಕ್ಕೆ ಮುಂಚಿತವಾಗಿ ಅದರ ರಚನೆ, ಗುಣ, ಮಿತಿಗಳನ್ನು ಸದಸ್ಯ ಬಾಂಧವರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಹೆಸರಿನ ಗೊಂದಲ

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರಿನ ಮೇಲೆ ತೇಲುತ್ತ, ಟ್ಯಾಂಕು ತುಂಬಿದ ಕೂಡಲೇ ತಾನಾಗಿಯೇ ನೀರನ್ನು ನಿಲ್ಲಿಸುವ ಸಾಧನವನ್ನೂ ನಮ್ಮಲ್ಲಿ ಬಾಲ್ ವಾಲ್ವ್ ಎನ್ನುತ್ತಾರೆ. ಬಾಲ್ ಕಾಕ್ ಎನ್ನುವುದೂ ಉಂಟು. ಅಲ್ಲಿ ಚೆಂಡು ಹೊರಗಿರುತ್ತದೆ, ಅದು ಕೇವಲ ತೇಲುವ ಬೆಂಡು. ನಾವು ಇಲ್ಲಿ ಹೇಳಹೊರಟಿರುವುದು ಪೈಪಿನ ನಡುವೆ ಕೂರಿಸುವ, ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ತೆರೆಯುವ ಅಥವಾ ಮುಚ್ಚುವ ವಾಲ್ವಿನ ವಿಷಯ. ಇದರಲ್ಲಿ ಚೆಂಡು ಒಳಗಿರುತ್ತದೆ, ಹೊರಗೆ ಕಾಣುವುದಿಲ್ಲ.

ಒಳಗಿನ ರಚನೆ

ಒಂದು ದುಂಡನೆಯ ಚೆಂಡು. ಅದರ ನಟ್ಟನಡುವೆ ಈ ಕಡೆಯಿಂದ ಆ ಕಡೆಗೆ ಕೊರೆದ ಒಂದು ಕಂಡಿ. ಚೆಂಡಿನ ಎರಡು ಮಗ್ಗುಲಲ್ಲಿ ಬಳೆಯಂತಹ ಎರಡು ಸೀಟುಗಳು. ಚೆಂಡಿನ ನೆತ್ತಿಯಲ್ಲಿರುವ ಗಾಡಿಗೆ ಸಿಕ್ಕಿಕೊಂಡು ಹೊರಗೆ ಬರುವ ಒಂದು ಮೋಟು ದಂಡ, ಅದರ ತುದಿಗೆ ಹಿಡಿ. ದಂಡದ ಸುತ್ತ ನೀರು ಜಿನುಗದಂತೆ ಒಂದು ರಿಂಗು ಅಥವಾ ಪ್ಯಾಕಿಂಗು. ಇಷ್ಟೇ.

ಹಿಡಿಯು ಪೈಪಿನ ಉದ್ದಕ್ಕೆ ಇದ್ದಾಗ ಕಂಡಿಯೂ ಪೈಪಿನ ಉದ್ದಕ್ಕಿರುತ್ತದೆ, ನೀರು ನೇರವಾಗಿ ಹಾದುಹೋಗುತ್ತದೆ. ಹಿಡಿಯನ್ನು 90 ಡಿಗ್ರಿ ತಿರುಗಿಸಿ ಪೈಪಿಗೆ ಅಡ್ಡ ಮಾಡಿದರೆ ಕಂಡಿ ಅಡ್ಡಲಾಗಿ, ಚೆಂಡಿನ ಇಡಿಯಾದ ಮೈ ನೀರಿಗೆ ಎದುರಾಗುತ್ತದೆ. ಆಗ ನೀರಿನ ಒತ್ತಡವೇ ಚೆಂಡನ್ನು ಕೆಳಗಿನ ಮಗ್ಗುಲಿನ ಸೀಟಿಗೆ ಒತ್ತಿ ಹಿಡಿಯುತ್ತದೆ. ವಾಲ್ವಿನ ಮಿತಿಯೊಳಗೆ ಒತ್ತಡ ಹೆಚ್ಚಿದಷ್ಟೂ ಮುಚ್ಚುಗಡೆ ಬಿಗಿಯಾಗುವುದು ಈ ರಚನೆಯ ಜಾಣ್ಮೆ.

ಈ ಜಾಣ್ಮೆಗೆ ಆಧಾರವೆಂದರೆ ಸೀಟಿನ ಬಳೆ. ಲೋಹದ ಚೆಂಡು ಲೋಹದ ಸೀಟಿನ ಮೇಲೆ ನೀರು ಜಿನುಗದಂತೆ ಕೂರುವುದು ಕಷ್ಟ. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನ್ ಈ ತೊಡಕನ್ನು ಬಿಡಿಸಿತು. ಅದು ಮೆದು, ಜಾರುವ ಗುಣದ್ದು, ಹೆಚ್ಚಿನ ರಾಸಾಯನಿಕಗಳಿಗೆ ಜಗ್ಗದು. ಎರಡನೆಯ ಮಹಾಯುದ್ಧದ ನಂತರ ಟೆಫ್ಲಾನ್ ಸೀಟು ಬಂದ ಮೇಲೆಯೇ ಬಾಲ್ ವಾಲ್ವ್ ಎಲ್ಲೆಡೆ ಹರಡಿತು. ಈ ಬಳೆ ಕೆಟ್ಟರೆ ವಾಲ್ವೇ ಕೆಟ್ಟಂತೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಅರ್ಧ ಈ ಬಳೆಯನ್ನು ಉಳಿಸಿಕೊಳ್ಳಲಿಕ್ಕೆ, ಇನ್ನರ್ಧ ಪೈಪನ್ನು ಉಳಿಸಿಕೊಳ್ಳಲಿಕ್ಕೆ.

ಹಳೆಯ ವಾಲ್ವುಗಳಿಗೂ ಇದಕ್ಕೂ ವ್ಯತ್ಯಾಸ

ನಮ್ಮ ಹಿರಿಯರ ಕಾಲದಲ್ಲಿ ಬಳಕೆಯಲ್ಲಿದ್ದುದು ಗೇಟ್ ವಾಲ್ವ್. ಚಕ್ರವನ್ನು ಹತ್ತಾರು ಸುತ್ತು ತಿರುಗಿಸಿದರೆ ಒಳಗಿನ ಹಲಗೆ ತೂಬಿನ ಬಾಗಿಲಿನಂತೆ ಮೇಲೇಳುತ್ತದೆ. ಇನ್ನೊಂದು ಗ್ಲೋಬ್ ವಾಲ್ವ್. ಅದರಲ್ಲಿ ನೀರು ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿ ಹೋಗಬೇಕು. ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹರಿಯುತ್ತಿದೆಯೆಂದು ಇಟ್ಟುಕೊಂಡರೆ, ಗ್ಲೋಬ್ ವಾಲ್ವಿನಲ್ಲಿ ಸುಮಾರು ಮುಕ್ಕಾಲು ಮೀಟರಿನಿಂದ ಒಂದು ಮೀಟರಿನಷ್ಟು ನೀರಿನ ಎತ್ತರ ನಷ್ಟವಾಗುತ್ತದೆ. ಪೈಪಿನಷ್ಟೇ ಅಗಲದ ಕಂಡಿಯುಳ್ಳ ಬಾಲ್ ವಾಲ್ವಿನಲ್ಲಿ ಈ ನಷ್ಟ ಒಂದು ಸೆಂಟಿಮೀಟರಿಗೂ ಕಡಿಮೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ತಾನಾಗಿಯೇ ಇಳಿದು ಬರುವ ನೀರನ್ನು ನಂಬಿರುವ ತೋಟಗಳಿಗೆ ಇದು ಸಣ್ಣ ಲಾಭವಲ್ಲ.

ಇನ್ನೊಂದು ಅನುಕೂಲವೂ ಇದೆ. ಗೇಟ್ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ದೂರದಿಂದ ತಿಳಿಯದು. ಬಾಲ್ ವಾಲ್ವಿನ ಹಿಡಿ ನೋಡಿದರೆ ಸಾಕು. ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಇಂದು ನಮ್ಮ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರೂ ಸೇರಿದಂತೆ ನಾನಾ ಭಾಷೆಯ ಕೆಲಸಗಾರರಿದ್ದಾರೆ. ಹಿಡಿಯ ದಿಕ್ಕು ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಆದರೆ ಪಿ.ವಿ.ಸಿ. ವಾಲ್ವುಗಳ ಹಿಡಿಯನ್ನು ಕಿತ್ತು ಮತ್ತೆ ಹಾಕುವಾಗ ಕೆಲವೊಮ್ಮೆ ಅಡ್ಡದಿಡ್ಡಿ ಕೂರುವುದುಂಟು. ಅಂಥಲ್ಲಿ ಹಿಡಿಯನ್ನು ತೆಗೆದು ದಂಡದ ತಲೆಯ ಗೀರನ್ನು ನೋಡಬೇಕು. ಸಾಮಾನ್ಯವಾಗಿ ಆ ಗೀರು ಕಂಡಿಯ ದಿಕ್ಕಿಗೇ ಇರುತ್ತದೆ.

ಅರ್ಧ ತೆರೆಯಬಾರದು

ಬಾಲ್ ವಾಲ್ವಿಗೆ ಗೊತ್ತಿರುವ ಕೆಲಸ ಎರಡೇ: ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು. ನೀರು ಹೆಚ್ಚಾಯಿತೆಂದು ಅರ್ಧಕ್ಕೆ ತಿರುಗಿಸಿ ಬಿಡುವುದು ನಮ್ಮಲ್ಲಿ ಸರ್ವಸಾಮಾನ್ಯವಾಗಿದೆ. ಹೀಗೆ ಮಾಡಿದಾಗ ನೀರು ಸಂದಿಯಲ್ಲಿ ಅತಿ ವೇಗದಿಂದ ನುಗ್ಗಿ ಸೀಟಿನ ಒಂದೇ ಅಂಚಿಗೆ ಬಡಿಯುತ್ತದೆ. ಹೊಳೆ, ಕೆರೆಗಳ ನೀರಿನಲ್ಲಿ ನಸು ಮರಳು ಇದ್ದೇ ಇರುತ್ತದೆ. ಅದು ಅರದಂತೆ ಉಜ್ಜುತ್ತದೆ. ಆಸರೆ ತಪ್ಪಿದ ಬಳೆ ಸೊಟ್ಟಗಾಗುತ್ತದೆ, ಚೆಂಡಿನ ಮೇಲೆ ಗೀರು ಬೀಳುತ್ತದೆ. ಒಂದೆರಡು ಬೇಸಗೆ ಕಳೆದ ಮೇಲೆ ಆ ವಾಲ್ವನ್ನು ಪೂರ್ತಿ ಮುಚ್ಚಿದರೂ ನೀರು ನಿಲ್ಲುವುದಿಲ್ಲ.

ಈ ಸೋರಿಕೆ ಎಷ್ಟರದು ಎಂದು ತಾತ್ಸಾರ ಮಾಡುವವರಿಗೆ ಒಂದು ಲೆಕ್ಕ ಹೇಳುತ್ತೇವೆ. 3 ಕೆ.ಜಿ. ಒತ್ತಡದ ಪೈಪಿನಲ್ಲಿ ಕೇವಲ 1 ಮಿಲಿಮೀಟರ್ ತೂತಿನಷ್ಟು ಸಂದಿಯಿದ್ದರೆ ದಿನವೊಂದಕ್ಕೆ ಸುಮಾರು 1,000 ಲೀಟರ್ ನೀರು ಹೋಗುತ್ತದೆ. ಬೇಸಗೆಯಲ್ಲಿ ಡ್ರಿಪ್ಪಿನಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ ಹೆಚ್ಚೆಂದರೆ 20 ಲೀಟರ್ ಕೊಟ್ಟರೆ ಸಾಕಾಗುವಾಗ, ಇದು 50 ಮರಗಳ ನೀರು. ಬಾವಿಯ ತಳ ಕಾಣುವ ಏಪ್ರಿಲ್ ತಿಂಗಳಲ್ಲಿ 50 ಮರಗಳ ನೀರು ಚರಂಡಿ ಸೇರುವುದು ಯಾರಿಗೆ ಸಮ್ಮತ?

ಹಾಗಾದರೆ ನೀರನ್ನು ಕಡಿಮೆ ಮಾಡುವುದು ಹೇಗೆ? ಹದ ನೋಡಿ ಬಿಡಬೇಕಾದ ಜಾಗಕ್ಕೆ ಗ್ಲೋಬ್ ವಾಲ್ವ್ ಹಾಕಬೇಕು. ಡ್ರಿಪ್ಪಿನಲ್ಲಿ ಗೊಬ್ಬರ ಬಿಡಲು ವೆಂಚುರಿ ಜೋಡಿಸಿರುವವರು ಮುಖ್ಯ ಪೈಪಿನ ವಾಲ್ವನ್ನು ಅರ್ಧ ಮುಚ್ಚಿ ಒತ್ತಡದ ವ್ಯತ್ಯಾಸ ಉಂಟುಮಾಡುತ್ತಾರೆ. ಆ ಒಂದು ಜಾಗದಲ್ಲಿ ಗ್ಲೋಬ್ ಮಾದರಿಯದನ್ನು ಹಾಕುವುದು ಲೇಸು. ಸ್ಪ್ರಿಂಕ್ಲರಿಗೆ ನೀರು ಹೆಚ್ಚಾದರೆ ನಾಸಲ್ಲಿನ ಗಾತ್ರವನ್ನೋ ಸ್ಪ್ರಿಂಕ್ಲರುಗಳ ಸಂಖ್ಯೆಯನ್ನೋ ಬದಲಿಸಬೇಕೇ ಹೊರತು ವಾಲ್ವನ್ನು ಹಿಂಸಿಸಬಾರದು.

ತಟ್ಟನೆ ಮುಚ್ಚಬಾರದು

ಇನ್ನು ಇದಕ್ಕಿಂತ ದೊಡ್ಡ ಅಪಾಯದ ವಿಷಯ. ಗೇಟ್ ವಾಲ್ವನ್ನು ಮುಚ್ಚಲು ಬೇಕೆಂದರೂ ಅರ್ಧ ನಿಮಿಷ ಹಿಡಿಯುತ್ತಿತ್ತು. ಬಾಲ್ ವಾಲ್ವನ್ನು ಅರ್ಧ ಸೆಕೆಂಡಿನಲ್ಲಿ ಮುಚ್ಚಬಹುದು. ಈ ಸೌಕರ್ಯವೇ ಪೈಪುಗಳಿಗೆ ಮೃತ್ಯುವಾಗಿದೆ.

ಮೂರು ಇಂಚಿನ ಪೈಪು 500 ಮೀಟರ್ ಉದ್ದವಿದ್ದರೆ ಅದರೊಳಗಿನ ನೀರಿನ ತೂಕ ಸುಮಾರು ಎರಡು ಟನ್. ಸೆಕೆಂಡಿಗೆ ಒಂದೂವರೆ ಮೀಟರ್ ಎಂದರೆ ಬಿರುಸಾಗಿ ನಡೆಯುವ ಮನುಷ್ಯನ ವೇಗ. ಆ ವೇಗದಲ್ಲಿ ಬರುತ್ತಿರುವ ಎರಡು ಟನ್ ಭಾರದ ಎದುರಿಗೆ ಒಮ್ಮೆಲೇ ಗೋಡೆ ಎಬ್ಬಿಸಿದಂತೆ, ವಾಲ್ವನ್ನು ತಟ್ಟನೆ ಮುಚ್ಚುವುದು. ನೀರು ನಿಂತ ಜಾಗದಲ್ಲಿ ಒತ್ತಡ ಉಕ್ಕುತ್ತದೆ, ಆ ಒತ್ತಡ ಅಲೆಯಾಗಿ ಪೈಪಿನ ಉದ್ದಕ್ಕೂ ಹಿಂದಕ್ಕೆ ಓಡುತ್ತದೆ, ತುದಿ ಮುಟ್ಟಿ ಮತ್ತೆ ಬರುತ್ತದೆ. ಇದನ್ನು ಜಲಾಘಾತ ಎನ್ನಬಹುದು. ಇಂಗ್ಲಿಷಿನಲ್ಲಿ ವಾಟರ್ ಹ್ಯಾಮರ್, ನೀರಿನ ಸುತ್ತಿಗೆ, ಎಂದೇ ಹೆಸರು. ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಇದರ ಲೆಕ್ಕವನ್ನು 1898ರಲ್ಲಿ ಮುಂದಿಟ್ಟವರು ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ.

ಆ ಲೆಕ್ಕವನ್ನು ನಮ್ಮ ಪೈಪಿಗೆ ಹಚ್ಚಿ ನೋಡೋಣ. ಮೇಲೆ ಹೇಳಿದ ವೇಗದಲ್ಲಿ ಪಿ.ವಿ.ಸಿ. ಪೈಪಿನಲ್ಲಿ ಹೆಚ್ಚುವರಿಯಾಗಿ ಏಳುವ ಒತ್ತಡ ಸುಮಾರು 5 ಕೆ.ಜಿ. ಗಟ್ಟಿ ಗೋಡೆಯ ಕಬ್ಬಿಣದ ಪೈಪಿನಲ್ಲಿ ಇದು 18-19 ಕೆ.ಜಿ.ವರೆಗೂ ಏರಬಲ್ಲದು. ಟ್ಯಾಂಕಿಗಿಂತ 40 ಮೀಟರ್ ತಗ್ಗಿನಲ್ಲಿರುವ ವಾಲ್ವಿನ ಬಳಿ ನಿಂತ ನೀರಿನ ಒತ್ತಡವೇ 4 ಕೆ.ಜಿ. ಅದರ ಮೇಲೆ ಇನ್ನೊಂದು 5 ಸೇರಿದರೆ 9ರ ಹತ್ತಿರ ಹೋಗಬಹುದು. ನಾವು ಹಾಸಿರುವುದು 6 ಕೆ.ಜಿ.ಯ ಪೈಪು! ಒಂದೇ ಸಲಕ್ಕೆ ಒಡೆಯದಿದ್ದರೂ ದಿನಕ್ಕೆ ನಾಲ್ಕು ಸಲ ಹೀಗೆ ಸುತ್ತಿಗೆಯ ಏಟು ಬಿದ್ದರೆ ಅಂಟಿಸಿದ ಜಾಯಿಂಟು ಎಷ್ಟು ದಿನ ತಡೆದೀತು?

ಸದಸ್ಯರೊಬ್ಬರ ರೊಬಸ್ಟಾ ತೋಟದಲ್ಲಿ ಹೂ ನೀರಾವರಿ ನಡೆಯುತ್ತಿದ್ದಾಗ, ಒಂದು ಪಟ್ಟಿ ಮುಗಿಯಿತೆಂದು ವಾಲ್ವನ್ನು ಒಂದೇ ಏಟಿಗೆ ಮುಚ್ಚಿದ ಕೂಡಲೇ ಮಣ್ಣಿನಡಿಯ ಜಾಯಿಂಟು ಬಿಚ್ಚಿಕೊಂಡಿತು. ಜಾಗ ಹುಡುಕಿ, ಅಗೆದು, ರಿಪೇರಿ ಮಾಡಿ, ಅಂಟು ಒಣಗುವಷ್ಟರಲ್ಲಿ ಮೂರು ದಿನ. ಅಷ್ಟರಲ್ಲಿ ಕೆರೆಯ ನೀರಿನ ಒಂದು ಪಾಲು ಹಳ್ಳಕ್ಕೆ ಹರಿದಿತ್ತು. ಕೊನೆಯ ಪಟ್ಟಿಯ ಗಿಡಗಳಿಗೆ ಅರೆಬರೆ ನೀರು ಬಿದ್ದು ಮೊಗ್ಗು ಸರಿಯಾಗಿ ಅರಳಲಿಲ್ಲ. ಎಕರೆಗೆ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು. ಅಷ್ಟನ್ನು ಕೂಡಿಟ್ಟುಕೊಂಡು, ಹೂವಿಗೆ ಒಮ್ಮೆ, ಸುಮಾರು ಮೂರು ವಾರದ ಮೇಲೆ ಕಾಯಿ ಕಟ್ಟಲು ಇನ್ನೊಮ್ಮೆ ಕೊಡಬೇಕಾದವನಿಗೆ ಫೆಬ್ರವರಿ-ಮಾರ್ಚಿಯ ಮೂರು ದಿನ ಎಂದರೆ ಏನೆಂದು ಬೆಳೆಗಾರರಿಗೆ ಬೇರೆ ಹೇಳಬೇಕಾದ್ದಿಲ್ಲ.

ಪರಿಹಾರಕ್ಕೆ ಖರ್ಚಿಲ್ಲ. ಮೊದಲನೆಯದು, ನಿಧಾನ. 500 ಮೀಟರಿನ ಪಿ.ವಿ.ಸಿ. ಪೈಪಿನಲ್ಲಿ ಒತ್ತಡದ ಅಲೆ ಹೋಗಿ ಬರಲು ಸುಮಾರು 3 ಸೆಕೆಂಡು ಬೇಕು. ಅದರೊಳಗೆ ಮುಚ್ಚಿದ್ದೆಲ್ಲ ತಟ್ಟನೆ ಮುಚ್ಚಿದ ಲೆಕ್ಕವೇ. ಆದ್ದರಿಂದ ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತ ಮುಚ್ಚಬೇಕು. ಚೆಂಡಿನ ಗುಣವೇನೆಂದರೆ ಮೊದಲರ್ಧ ತಿರುವಿನಲ್ಲಿ ನೀರು ಹೆಚ್ಚೇನೂ ಕಡಿಮೆಯಾಗುವುದಿಲ್ಲ, ಕೊನೆಯ ಭಾಗದಲ್ಲಿ ಒಮ್ಮೆಲೇ ಕಡಿಮೆಯಾಗುತ್ತದೆ. ಹಾಗಾಗಿ ಎಣಿಕೆಯ ಬಹುಪಾಲು ಆ ಕೊನೆಯ ತಿರುವಿಗೆ ಮೀಸಲಿರಲಿ. ಎರಡನೆಯದು, ಮುಂದಿನ ಪಟ್ಟಿಯ ವಾಲ್ವನ್ನು ತೆರೆದ ಮೇಲೆಯೇ ಹಿಂದಿನದನ್ನು ಮುಚ್ಚಬೇಕು. ಮೂರನೆಯದು, ಖಾಲಿ ಪೈಪಿಗೆ ನೀರು ಬಿಡುವಾಗಲೂ ನಿಧಾನವೇ ಇರಲಿ. ಒಳಗಿನ ಗಾಳಿ ಹೊರಗೆ ಹೋಗಲು ಸಮಯ ಬೇಕು.

ಬೋರ್ಡೋ ಸಿಂಪರಣೆಯಲ್ಲಿ

ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್‌ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ತೋರಿಸಿಕೊಟ್ಟಂದಿನಿಂದ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ನಮ್ಮಲ್ಲಿ ಬಾಯಿಪಾಠವಾಗಿದೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕಬ್ಬಿಣದ ಚೂರಿಯನ್ನು ಅದ್ದುತ್ತೇವೆ. ಸುಣ್ಣ ಸಾಲದಿದ್ದರೆ ಚೂರಿಗೆ ತಾಮ್ರದ ಬಣ್ಣ ಹತ್ತುತ್ತದೆ. ಚೂರಿಗೆ ಆದದ್ದೇ ಕಬ್ಬಿಣದ ವಾಲ್ವಿಗೂ ಆಗುತ್ತದೆ. ಆದಕಾರಣ ಸಿಂಪರಣೆಯ ಲೈನಿಗೆ ಹಿತ್ತಾಳೆ ಅಥವಾ ಒತ್ತಡಕ್ಕೆ ತಕ್ಕ ಸ್ಟೇನ್‌ಲೆಸ್ ಸ್ಟೀಲಿನ ವಾಲ್ವನ್ನೇ ಹಾಕಬೇಕು.

ಎರಡನೆಯ ತೊಂದರೆ ಸುಣ್ಣದ್ದು. ವಾಲ್ವನ್ನು ಮುಚ್ಚಿದಾಗ ಚೆಂಡಿನ ಕಂಡಿಯಲ್ಲಿಯೂ ಸುತ್ತಲಿನ ಪೊಳ್ಳಿನಲ್ಲಿಯೂ ಸ್ವಲ್ಪ ದ್ರಾವಣ ಸಿಕ್ಕಿಕೊಳ್ಳುತ್ತದೆ. ಅದು ಒಣಗಿ ಗಟ್ಟಿಯಾದರೆ ಮಾರನೆಯ ಸುತ್ತಿಗೆ ಹಿಡಿ ಅಲುಗದು, ಬಲವಂತ ಮಾಡಿದರೆ ದಂಡ ಮುರಿಯುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಶುದ್ಧ ನೀರು ಬಿಟ್ಟು, ನೀರು ಹರಿಯುತ್ತಿರುವಾಗಲೇ ವಾಲ್ವನ್ನು ಐದಾರು ಸಲ ತೆರೆದು ಮುಚ್ಚಿದರೆ ಈ ತೊಂದರೆಯಿಲ್ಲ.

ಮೂರನೆಯದು ಜೀವಕ್ಕೆ ಸಂಬಂಧಿಸಿದ್ದು. ತೋಟದ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪಿನ ಮುಂದೆ ವಾಲ್ವ್ ಮುಚ್ಚಿದರೆ ಸ್ವಲ್ಪ ಹೊತ್ತು ತಡೆದುಕೊಂಡೀತು. ಸಿಂಪರಣೆಯ ಪಿಸ್ಟನ್ ಪಂಪಿನ ಸ್ವಭಾವ ಬೇರೆ. ದ್ರಾವಣಕ್ಕೆ ಹೋಗಲು ದಾರಿ ಇಲ್ಲದಿದ್ದರೂ ಅದು ತಳ್ಳುತ್ತಲೇ ಇರುತ್ತದೆ. ಹೆಚ್ಚಾದ ದ್ರಾವಣವನ್ನು ಡ್ರಮ್ಮಿಗೆ ಹಿಂತಿರುಗಿಸುವ ರೆಗ್ಯುಲೇಟರ್ ಸರಿಯಿಲ್ಲದಿದ್ದರೆ ಹೋಸ್ ಸಿಡಿಯುವುದು ಖಂಡಿತ. ಮರದ ಮೇಲಿರುವ ಕೊನೆಗಾರನ ಕೈಯಲ್ಲಿ ಹೋಸ್ ಸಿಡಿದರೆ ಆಗುವ ಅನಾಹುತವನ್ನು ವಿವರಿಸಬೇಕಾದ್ದಿಲ್ಲ. ಈಗ ಅನೇಕರು ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತೇ ಸಿಂಪಡಿಸುತ್ತಾರೆ. ಅವರಿಗೂ ಮೈಮೇಲೆ, ಕಣ್ಣಿಗೆ ದ್ರಾವಣ ಬೀಳುವ ಅಪಾಯ ತಪ್ಪಿದ್ದಲ್ಲ. ಪ್ರತಿದಿನ ಪಂಪು ಹಚ್ಚಿದ ಕೂಡಲೇ, ಯಾರೂ ಮರ ಹತ್ತುವ ಮೊದಲು, ತುದಿಯ ವಾಲ್ವನ್ನು ಕ್ಷಣಕಾಲ ಮುಚ್ಚಿ, ದ್ರಾವಣ ಡ್ರಮ್ಮಿಗೆ ಮರಳುತ್ತದೆಯೇ, ಗೇಜಿನ ಮುಳ್ಳು ಮಿತಿಯೊಳಗೆ ನಿಲ್ಲುತ್ತದೆಯೇ ಎಂದು ನೋಡತಕ್ಕದ್ದು.

ಇತರ ಕಡೆಗಳಲ್ಲಿ

ಪಲ್ಪರ್ ಮನೆಯ ನೀರಿನಲ್ಲಿ ಸಿಪ್ಪೆ ಸೇರಿರುವಲ್ಲಿ ನೇರ ಕಂಡಿಯ ಬಾಲ್ ವಾಲ್ವ್ ಇತರ ವಾಲ್ವುಗಳಿಗಿಂತ ಕಡಿಮೆ ಕಟ್ಟಿಕೊಳ್ಳುತ್ತದೆ. ಡ್ರಿಪ್ಪಿನಲ್ಲಿ ಪ್ರತಿ ಪಟ್ಟಿಯ ಆರಂಭಕ್ಕೆ ಒಂದು, ಉಪಪೈಪಿನ ಕೊನೆಗೆ ಕೆಸರು ಬಿಡಲು ಒಂದು ಇರಬೇಕು; ಈ ಎರಡನೆಯದನ್ನು ಖರ್ಚಿನ ದೃಷ್ಟಿಯಿಂದ ಬಿಟ್ಟುಬಿಡುವವರು ಮುಂದೆ ತೂತು ಕಟ್ಟಿದ ಡ್ರಿಪ್ಪರುಗಳನ್ನು ಬಿಡಿಸುತ್ತ ಕೂರಬೇಕಾಗುತ್ತದೆ. ಗೋಬರ್ ಗ್ಯಾಸಿನ ಮತ್ತು ಅಡಿಗೆ ಅನಿಲದ ಕೊಳವೆಗಳಲ್ಲಿ ಕಾಲು ಸುತ್ತಿಗೆ ಮುಚ್ಚುವ ಗುಣ ವರವೇ ಸರಿ. ಅಲ್ಲಿ ಬೇಗ ಮುಚ್ಚುವುದೇ ಕ್ಷೇಮ. ಆದರೆ ನೀರಿನ ವಾಲ್ವನ್ನು ಅನಿಲಕ್ಕೆ ಹಾಕದೆ, ಅನಿಲಕ್ಕೆಂದೇ ಮಾಡಿದ್ದನ್ನು ತರಬೇಕು.

ತೋಟದಾಚೆಗೂ ಇದರ ಕುಟುಂಬ ದೊಡ್ಡದು. 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿಲೋಮೀಟರ್ ಉದ್ದದ ಕೊಚ್ಚಿ-ಮಂಗಳೂರು ಅನಿಲ ಕೊಳವೆ ಮಾರ್ಗವನ್ನು ಕರಾವಳಿಯ ಸದಸ್ಯರು ಬಲ್ಲರು. ಇಂಥ ದೊಡ್ಡ ಕೊಳವೆಗಳ ಒಳಗನ್ನು ಉಜ್ಜಿ ಶುಚಿ ಮಾಡಲು ಒಂದು ಸಾಧನವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸುತ್ತಾರೆ. ಅದು ಎಲ್ಲಿಯೂ ತಡೆಯಿಲ್ಲದೆ ಹಾದುಹೋಗಬೇಕಾದರೆ ಕೊಳವೆಯಷ್ಟೇ ಅಗಲದ ಕಂಡಿಯುಳ್ಳ ಬಾಲ್ ವಾಲ್ವ್ ಬೇಕು. ಆ ಗಾತ್ರದ ಚೆಂಡನ್ನು ಸೀಟಿನ ಮೇಲೆ ತೇಲಲು ಬಿಡದೆ, ಮೇಲೆ ಕೆಳಗೆ ಗೂಟ ಕೊಟ್ಟು, ಬಾಗಿಲು ತಿರುಗಣಿಯ ಮೇಲೆ ನಿಂತಂತೆ ನಿಲ್ಲಿಸಿರುತ್ತಾರೆ. ಬಹಳ ಎತ್ತರದಿಂದ ನೀರು ಬೀಳುವ ಜಲವಿದ್ಯುತ್ ಕೇಂದ್ರಗಳಲ್ಲಿ ಟರ್ಬೈನಿನ ಮುಂದೆ ಇರುವ ಗೋಳಾಕಾರದ ವಾಲ್ವುಗಳೂ ಇದೇ ಜಾತಿಯವು. ಅಲ್ಲಿ ಅವನ್ನು ಮುಚ್ಚುವುದು ಮನುಷ್ಯನ ಕೈಯಲ್ಲ, ನಿಗದಿಯಾದ ನಿಧಾನಗತಿಯಲ್ಲಿ ಕೆಲಸ ಮಾಡುವ ಯಂತ್ರ.

ಕೊಳ್ಳುವಾಗ ನೋಡಬೇಕಾದ್ದು

ಒಂದಿಂಚಿನ ವಾಲ್ವೆಂದರೆ ಒಳಗೂ ಒಂದಿಂಚೇ ಇರುತ್ತದೆಂದು ನಂಬಬೇಡಿ. ಒಳಗಿಣುಕಿ ನೋಡಿದರೆ ಕೆಲವದರ ಕಂಡಿ ಮುಕ್ಕಾಲು ಇಂಚೇ ಇರುತ್ತದೆ. ಮುಕ್ಕಾಲಿಂಚಿನ ಕಂಡಿಯ ವಿಸ್ತೀರ್ಣ ಒಂದಿಂಚಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಗುರುತ್ವದಿಂದ ನೀರು ಹಾಯಿಸುವವರು ಪೂರ್ಣ ಕಂಡಿಯ ಫುಲ್ ಬೋರ್ ವಾಲ್ವನ್ನೇ ಕೇಳಿ ಪಡೆಯಬೇಕು. ಮೈಮೇಲೆ ಪಿ.ಎನ್. 10 ಎಂದು ಒತ್ತಿದ್ದರೆ ಅದು ಸಾಧಾರಣ ಉಷ್ಣತೆಯಲ್ಲಿ ಸುಮಾರು 10 ಕೆ.ಜಿ. ಒತ್ತಡ ತಡೆಯುವಂಥದ್ದು ಎಂದರ್ಥ. ಯಾವ ಅಂಕಿಯೂ ಇಲ್ಲದ್ದನ್ನು ತಾರದಿರುವುದೇ ಮೇಲು. ಎರಡೂ ಕಡೆ ಯೂನಿಯನ್ ಇರುವ ವಾಲ್ವಿಗೆ ನಾಲ್ಕು ಕಾಸು ಹೆಚ್ಚಾದರೂ ಪೈಪು ಕತ್ತರಿಸದೆ ಬಿಚ್ಚಿ ಸೀಟು ಬದಲಿಸಬಹುದು. ಪಿ.ವಿ.ಸಿ. ವಾಲ್ವ್ ಬಿಸಿಲಿಗೆ ಬಿದ್ದಿದ್ದರೆ ವರ್ಷಗಳಲ್ಲಿ ಪೆಡಸಾಗುತ್ತದೆ. ಅದರ ಮೇಲೊಂದು ಮಣ್ಣಿನ ಕುಂಡವನ್ನೋ ಒಡೆದ ಹಂಚನ್ನೋ ಮುಚ್ಚಿದರೂ ಸಾಕು.

ಈ ಸಂಚಿಕೆ ಕೈಸೇರಿದ ವಾರದಲ್ಲೇ ಸದಸ್ಯರು ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ತೋಟದ ವಾಲ್ವುಗಳನ್ನೆಲ್ಲ ಒಂದು ಸುತ್ತು ನೋಡಿ ಬನ್ನಿ. ತಿಂಗಳುಗಟ್ಟಲೆ ಒಂದೇ ಸ್ಥಿತಿಯಲ್ಲಿರುವುದನ್ನು ಒಮ್ಮೆ ತೆರೆದು ಮುಚ್ಚಿ. ಮುಚ್ಚಿದ ಮೇಲೂ ಸೋರುವುದಕ್ಕೆ ಗುರುತು ಹಾಕಿ, ಹೂ ನೀರಾವರಿಗೆ ಮೊದಲೇ ಬದಲಿಸಿ. ಅರ್ಧ ತೆರೆದಿಟ್ಟಿರುವುದು ಎಲ್ಲಿದೆ, ಏಕೆ ಹಾಗಿಡಬೇಕಾಯಿತು ಎಂದು ವಿಚಾರಿಸಿ. ಕೊನೆಯದಾಗಿ, ವಾಲ್ವ್ ತಿರುಗಿಸುವವರು ಯಾರೋ ಅವರನ್ನೇ ಕರೆದುಕೊಂಡು ಹೋಗಿ, ಇಪ್ಪತ್ತು ಎಣಿಸುತ್ತ ಮುಚ್ಚುವುದನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ.